ಮಾವನ ಕಾರಿನ ಗಡಿಯಾರ: ಕ್ಲ್ಯಾಂಪ್ ಇಲ್ಲದ ಬ್ಯಾಟರಿಯ ಒಂದು ಪ್ರಕರಣ

ದೂರು ಶುರುವಾಗಿದ್ದು ಗಡಿಯಾರದಿಂದ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಮಾಡಿಕೊಂಡಿರುವ ನನ್ನ ಸೋದರಮಾವನ ಹತ್ತಿರ 2006ರ ಮಾರುತಿ 800 ಇದೆ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಅದರ ಸ್ಟೀರಿಯೊದಲ್ಲಿ ಸಣ್ಣದೊಂದು ಗಡಿಯಾರ. ದೊಡ್ಡ ಹಂಪ್ ದಾಟಿದಾಗ ಒಂದೊಂದು ಸಲ ಅದು 12:00ಕ್ಕೆ ಹೋಗಿ ಮಿಣುಕುತ್ತಾ ಕೂರುತ್ತಿತ್ತು. ಅದೇ ಹೊತ್ತಿಗೆ ಇಂಜಿನ್ ಒಂದು ಕ್ಷಣ ಬಿಕ್ಕಳಿಸಿದ ಹಾಗೆ ಆಗುತ್ತಿತ್ತು. ಆಮೇಲೆ ಏನೂ ಇಲ್ಲ, ಗಾಡಿ ತನ್ನ ಪಾಡಿಗೆ ಓಡುತ್ತಿತ್ತು.

"ಸ್ಟೀರಿಯೊ ಕೆಟ್ಟಿರಬೇಕು ಮಾರಾಯ, ಬಿಡು" ಎಂದಿದ್ದರು ಮಾವ. ಒಬ್ಬ ಮೆಕ್ಯಾನಿಕ್ ಸ್ಟೀರಿಯೊ ವೈರಿಂಗ್ ಬಿಚ್ಚಿ ಮತ್ತೆ ಸುತ್ತಿದ್ದರು. ಇನ್ನೊಬ್ಬರು ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಚೆಕ್ ಮಾಡಿ ಸರಿ ಇದೆ ಎಂದಿದ್ದರು. ಅದು ಸರಿಯಾಗಿಯೇ ಇತ್ತು. ಆಮೇಲೆ ನಾನು ಮೀಟರ್ ಹಿಡಿದಾಗಲೂ ಇಂಜಿನ್ ನಿಂತಾಗ 12.4 ವೋಲ್ಟ್, ಓಡುವಾಗ 14.1 ಬಂತು. ಆ ಬ್ಯಾಟರಿಗೆ ಏನೂ ತಪ್ಪು ಹೇಳಲಾಗದು.

ನಾನು ಮೆಕ್ಯಾನಿಕ್ ಅಲ್ಲ. ಡಿಪ್ಲೊಮಾ ಮುಗಿಸಿ ಶಿವಮೊಗ್ಗದ ಕಡೆ ಫ್ಯಾಬ್ರಿಕೇಶನ್ ಕೆಲಸದಲ್ಲಿರುವವನು. ಕಬ್ಬಿಣ ಕೊರೆಯುವುದು, ಬಗ್ಗಿಸುವುದು, ಬೆಸೆಯುವುದು ಗೊತ್ತು. ಈ ಪ್ರಕರಣ ನನ್ನ ಕೈಗೆ ಬಂದಿದ್ದೂ ಹಾಗೆಯೇ, ಒಂದು ರಾತ್ರಿ, ಘಾಟಿಯ ಕೆಳಗೆ.

ಘಾಟಿಯ ಕೆಳಗಿನ ವಾಸನೆ

ಉಡುಪಿಯಲ್ಲಿ ಒಂದು ಮದುವೆ ಇತ್ತು. ಮಾವ, ಅತ್ತೆ, ನಾನು ಸಂಜೆ ಹೊರಟೆವು. ಆಗುಂಬೆ ಘಾಟಿಯ 14 ತಿರುವು ಇಳಿದು ಸೋಮೇಶ್ವರ ತಲುಪುವಷ್ಟರಲ್ಲಿ ಗಡಿಯಾರ ಎರಡು ಸಲ 12:00ಕ್ಕೆ ಹೋಗಿತ್ತು. ಎರಡನೇ ಸಲ ಅತ್ತೆ ಮೂಗು ಮುಚ್ಚಿಕೊಂಡು, "ಎಂತದೋ ಸುಟ್ಟ ವಾಸನೆ" ಎಂದರು. ಬ್ರೇಕಿನದು ಇರಬೇಕು ಎಂದುಕೊಂಡೆ. ಘಾಟಿ ಇಳಿದಾಗ ಅದು ಸಹಜ, ಅಲ್ವಾ? ಆದರೆ ಈ ವಾಸನೆ ಬೇರೆ. ಸುಟ್ಟ ಬಣ್ಣದ್ದು.

ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ಮೊಬೈಲ್ ಟಾರ್ಚ್ ಬಿಟ್ಟೆ. ಮೊದಲು ಕಂಡಿದ್ದು ಬ್ಯಾಟರಿ ಅಲ್ಲ. ಬಾನೆಟ್ಟಿನ ಒಳಮೈಯಲ್ಲಿ, ಅಡ್ಡಪಟ್ಟಿಯ ಮೇಲೆ, ಕಡಲೆ ಗಾತ್ರದ ನಾಲ್ಕೈದು ಕಪ್ಪು ಕಲೆ. ಬೆರಳಿಟ್ಟು ನೋಡಿದರೆ ಕಲೆಯಲ್ಲ, ಗುಳಿ. ವೆಲ್ಡಿಂಗ್ ರಾಡು ಒಂದು ಕ್ಷಣ ತಾಗಿಸಿ ತೆಗೆದರೆ ಆಗುತ್ತಲ್ಲ, ಅದೇ ಗುರುತು. ವೆಲ್ಡಿಂಗ್ ಮಾಡುವವನಿಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಅದರ ನೇರ ಕೆಳಗೆ ಬ್ಯಾಟರಿಯ ಪ್ಲಸ್ ಟರ್ಮಿನಲ್. ಕೆಂಪು ಕ್ಯಾಪ್ ಇಲ್ಲ. ತುದಿ ಕರಗಿ ಮಿರುಗುತ್ತಿತ್ತು.

ಆಗ ಗಡಿಯಾರದ ಕಥೆ ಅರ್ಥವಾಯಿತು. ಗಾಡಿ ಕುಪ್ಪಳಿಸಿದಾಗ ಬ್ಯಾಟರಿ ಮೇಲೆದ್ದು ಪ್ಲಸ್ ತುದಿ ಬಾನೆಟ್ಟಿಗೆ ತಾಗುತ್ತಿತ್ತು. ಬಾನೆಟ್ ಬಾಡಿಗೆ ಸೇರಿದ್ದು, ಬಾಡಿ ಎಂದರೆ ಮೈನಸ್. ಆ ಒಂದು ಕ್ಷಣ ಇಡೀ ಗಾಡಿಯ ವೋಲ್ಟೇಜು ನೆಲ ಕಚ್ಚುತ್ತದೆ. ಸ್ಟೀರಿಯೊ ನೆನಪು ಕಳೆದುಕೊಳ್ಳುತ್ತದೆ, ಇಂಜಿನ್ ಬಿಕ್ಕಳಿಸುತ್ತದೆ. ಬರೀ ಟರ್ಮಿನಲ್ ಸಡಿಲ ಇದ್ದಿದ್ದರೆ ಓಡುವ ಇಂಜಿನ್ನಿನ ಆಲ್ಟರ್ನೇಟರ್ ಆ ಕ್ಷಣವನ್ನು ಹೇಗೋ ದಾಟಿಸುತ್ತಿತ್ತು, ಗಡಿಯಾರ ಬಹುಶಃ ಉಳಿಯುತ್ತಿತ್ತು. ಶಾರ್ಟ್ ಆದರೆ ಆಲ್ಟರ್ನೇಟರೂ ಸೋಲುತ್ತದೆ.

ಇನ್ನೊಂದು ವಿಷಯ ಆ ರಾತ್ರಿ ನನ್ನನ್ನು ಜಾಸ್ತಿ ಹೆದರಿಸಿತು. ಗಾಡಿಯಲ್ಲಿ ಎಷ್ಟು ಫ್ಯೂಸ್ ಇದ್ದರೂ ಈ ಶಾರ್ಟಿಗೆ ಅವು ಅಡ್ಡ ಬರುವುದಿಲ್ಲ. ಕರೆಂಟು ಫ್ಯೂಸಿನ ತನಕ ಹೋಗುವುದೇ ಇಲ್ಲ. ಟರ್ಮಿನಲ್ಲಿನಿಂದ ನೇರ ಬಾನೆಟ್ಟಿಗೆ. ಸಣ್ಣ ಕಾರಿನ ಬ್ಯಾಟರಿಯೂ ಶಾರ್ಟಿನಲ್ಲಿ ನೂರಾರು ಆಂಪಿಯರ್ ಬಿಡುತ್ತದೆ. 12 ವೋಲ್ಟ್ ಮುಟ್ಟಿದರೆ ಮನುಷ್ಯನಿಗೆ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಬಿದ್ದರೆ ಅದು ಕೆಂಪಗೆ ಕಾಯುತ್ತದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬೇರೆ ಬರುತ್ತಿರುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಭಾಗ ಸೇರಿದರೆ ಸಾಕು, ಕಿಡಿಗೆ ಅದು ಹೊತ್ತಿಕೊಳ್ಳುತ್ತದೆ. ಇಲ್ಲಿ ಕಿಡಿ ಹಾರುತ್ತಿದ್ದದ್ದು ಬ್ಯಾಟರಿಯ ತಲೆಯ ಮೇಲೇ.

ಬ್ಯಾಟರಿಯನ್ನು ಹಿಡಿದಿದ್ದು ಏನು ಗೊತ್ತಾ? ಸೈಕಲ್ ಟ್ಯೂಬಿನ ಒಂದು ಪಟ್ಟಿ, ಪಕ್ಕದಲ್ಲಿ ಸಿಕ್ಕಿಸಿದ ಅಡಿಕೆ ದಬ್ಬೆಯ (ಸೀಳಿದ ಅಡಿಕೆ ಮರದ ಪಟ್ಟಿ) ಚೂರು. ಬ್ಯಾಟರಿಯನ್ನು ಅದು ಕೂರುವ ಟ್ರೇಗೆ ಒತ್ತಿ ಹಿಡಿಯುವ ಕ್ಲ್ಯಾಂಪ್ ಇಲ್ಲ, ಕ್ಲ್ಯಾಂಪನ್ನು ಟ್ರೇಗೆ ಸಿಕ್ಕಿಸುವ ಹುಕ್ ಬೋಲ್ಟ್ ಇಲ್ಲ. ದಬ್ಬೆ ಜಾರಿ ಬ್ಯಾಟರಿಯ ಅಡಿಗೇ ಹೋಗಿ ಕೂತಿತ್ತು. ಬ್ಯಾಟರಿ ಒಂದು ಕಡೆ ಎದ್ದು ನಿಂತಿತ್ತು. ಎದ್ದ ಕಡೆಯೇ ಪ್ಲಸ್.

ಮನೆ ಮುಟ್ಟುವ ತನಕದ ಏರ್ಪಾಡು

ಮದುವೆಗೆ ಹೋಗುವುದೋ ವಾಪಸ್ ಹೋಗುವುದೋ ಎಂದು ಮಾವ ಕೇಳಿದರು. ಅತ್ತೆ ಉತ್ತರ ಕೊಡಲಿಲ್ಲ, ಬಸ್ ಎಷ್ಟು ಹೊತ್ತಿಗೆ ಎಂದು ಅಂಗಡಿಯವರನ್ನು ವಿಚಾರಿಸಿದರು. ಅವರಿಬ್ಬರೂ ಬಸ್ಸು ಹತ್ತಿದರು. ನಾನು ಗಾಡಿ ಜೊತೆ ಉಳಿದೆ.

ಮೊದಲು 10 ನಂಬರ್ ಸ್ಪ್ಯಾನರಿನಲ್ಲಿ ಮೈನಸ್ ಬಿಚ್ಚಿದೆ. ಯಾವಾಗಲೂ ಮೈನಸ್ಸೇ ಮೊದಲು. ಮೈನಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಏನೂ ಆಗುವುದಿಲ್ಲ, ಎರಡೂ ಒಂದೇ. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಶಾರ್ಟ್. ಹಾಕುವಾಗ ಉಲ್ಟಾ: ಪ್ಲಸ್ ಮೊದಲು, ಮೈನಸ್ ಕೊನೆಗೆ.

ದಬ್ಬೆ ಎಳೆದು ತೆಗೆದೆ. ಬ್ಯಾಟರಿ ಟ್ರೇ ಮೇಲೆ ಚಪ್ಪಟೆಯಾಗಿ ಕೂತಿತು. ಕಾಲಡಿಯ ರಬ್ಬರ್ ಮ್ಯಾಟಿನಿಂದ ಅಂಗೈ ಅಗಲ ಕತ್ತರಿಸಿ ಪ್ಲಸ್ ಮೇಲೆ ಹೊದಿಸಿ ಟೇಪ್ ಸುತ್ತಿದೆ. ಡಿಕ್ಕಿಯಲ್ಲಿ ಅಡಿಕೆ ಮೂಟೆ ಕಟ್ಟುವ ರ‍್ಯಾಚೆಟ್ ಬೆಲ್ಟ್ ಇತ್ತು. ಅದನ್ನು ಟ್ರೇಯ ಅಡಿಯಿಂದ ತೂರಿಸಿ ಬ್ಯಾಟರಿಯ ಮೇಲಿಂದ ತಂದು ಬಿಗಿದೆ. ರ‍್ಯಾಚೆಟ್ಟಿನ ಕಬ್ಬಿಣದ ಭಾಗ ಟರ್ಮಿನಲ್ ಹತ್ತಿರ ಬರದಂತೆ ಪಕ್ಕಕ್ಕೆ ತಿರುಗಿಸಿದೆ. ಬೆಲ್ಟಿನ ಉಳಿದ ಬಾಲ ಫ್ಯಾನಿಗೆ ಸಿಗದಂತೆ ಗಂಟು ಹಾಕಿದೆ. ಇಂಥ ಬೆಲ್ಟುಗಳು ಸಾಮಾನ್ಯವಾಗಿ ಪಾಲಿಯೆಸ್ಟರಿನವು, ಆಸಿಡ್ಡಿಗೆ ಸ್ವಲ್ಪ ತಡೆಯುತ್ತವೆ. ನೈಲಾನ್ ಹಗ್ಗ, ನೈಲಾನ್ ಕೇಬಲ್ ಟೈ ತಡೆಯುವುದಿಲ್ಲ. ಸಲ್ಫ್ಯೂರಿಕ್ ಆಸಿಡ್ ನೈಲಾನನ್ನು ತಿನ್ನುತ್ತದೆ. ಟೈ ಒಂದು ದಿನ ಸುಮ್ನೆ ಪಟಕ್ ಎನ್ನುತ್ತದೆ.

ಬೈಂಡಿಂಗ್ ವೈರಿನಲ್ಲಿ ಕಟ್ಟುವವರನ್ನೂ ನೋಡಿದ್ದೇನೆ. ಅದರ ಬಗ್ಗೆ ಹೇಳುವುದು ಇಷ್ಟೇ: ಎರಡು ಟರ್ಮಿನಲ್ ಇರುವ ವಸ್ತುವಿನ ಮೇಲೆ ಬರಿಮೈ ತಂತಿ ಎಳೆಯಬೇಡಿ.

ಆ ಬೆಲ್ಟಿನಲ್ಲಿ ಗಾಡಿ ನಿಧಾನಕ್ಕೆ ಘಾಟಿ ಹತ್ತಿತು. ಗಡಿಯಾರ ಒಮ್ಮೆಯೂ ತಪ್ಪಲಿಲ್ಲ. ಕಾರಣ ಖಚಿತವಾಯಿತು.

ಕ್ಲ್ಯಾಂಪ್ ಎಲ್ಲಿಗೆ ಹೋಯಿತು?

ಮರುದಿನ ಬೆಳಕಿನಲ್ಲಿ ಬ್ಯಾಟರಿ ಹೊರಗೆ ತೆಗೆದೆ. ಟ್ರೇ ನೋಡಿದ ಮೇಲೆ ಹಳೇ ಕಥೆ ತಾನಾಗಿ ಬಿಚ್ಚಿಕೊಂಡಿತು. ಮಾವನ ನೆನಪೂ ಸ್ವಲ್ಪ ಸೇರಿತು.

ಈಗಿರುವ ಬ್ಯಾಟರಿಯ ಮೇಲೆ 38ಬಿ20 ಎಂದು ಇದೆ. ಇದು ಜಪಾನಿ ಅಳತೆಯ ಹೆಸರು. ಮೊದಲ ಅಂಕಿ ತಾಕತ್ತಿನದು. ಬಿ ಎಂದರೆ ಅಗಲ-ಎತ್ತರದ ಗುಂಪು, ಪೆಟ್ಟಿಗೆಯ ಅಗಲ ಸುಮಾರು 129 ಮಿ.ಮೀ., ಎತ್ತರ 203 ಮಿ.ಮೀ. ಕೊನೆಯ 20 ಎಂದರೆ ಉದ್ದ ಸುಮಾರು 20 ಸೆಂ.ಮೀ. ಇದೇ ಪದ್ಧತಿಯಲ್ಲಿ ಡಿ ಎಂದು ಇದ್ದರೆ ಅಗಲ 173 ಮಿ.ಮೀ. ಬ್ಯಾಟರಿ ಬದಲಿಸುವಾಗ ಆಂಪಿಯರ್ ಕೇಳುವವರು ಬಹಳ, ಈ ಅಕ್ಷರ ಕೇಳುವವರು ಕಡಿಮೆ.

ಈ ಕಾರಿಗೆ ಹಿಂದೆ ಯಾರೋ ಡಿ ಗಾತ್ರದ ದಪ್ಪ ಬ್ಯಾಟರಿ ಹಾಕಿದ್ದರು. "ದೊಡ್ಡದು ಹಾಕಿದ್ರೆ ಸ್ಟಾರ್ಟಿಂಗ್ ಒಳ್ಳೇದಿರ್ತದೆ ಅಂದಿದ್ರು" ಎಂದು ಮಾವ ನೆನೆಸಿಕೊಂಡರು. 44 ಮಿ.ಮೀ. ಅಗಲ ಜಾಸ್ತಿ. ಅದು ಕೂರಲಿ ಎಂದು ಟ್ರೇಯ ಒಂದು ಅಂಚನ್ನು ಸುತ್ತಿಗೆಯಲ್ಲಿ ಬಡಿದು ಮಲಗಿಸಿದ್ದರು. ಅಂಚಿನ ಮೇಲೆ ಸುತ್ತಿಗೆಯ ಗುರುತು ಇನ್ನೂ ಇತ್ತು. ಅಷ್ಟು ಅಗಲಕ್ಕೆ ಹಳೇ ಕ್ಲ್ಯಾಂಪಿನ ಪಟ್ಟಿ ಸಾಲುವುದಿಲ್ಲ, ಹಾಗಾಗಿ ಅದು ಗುಜರಿಗೆ ಹೋಯಿತು. ದಪ್ಪ ಬ್ಯಾಟರಿ ಆಚೀಚೆ ಒತ್ತಿಕೊಂಡು ಕೂತಿದ್ದರಿಂದ ಕ್ಲ್ಯಾಂಪ್ ಇಲ್ಲದಿದ್ದರೂ ನಡೆಯಿತು. ಅದು ಸತ್ತ ಮೇಲೆ ಮತ್ತೆ ಸಣ್ಣ ಬ್ಯಾಟರಿ ಬಂತು. ಈಗ ಅಂಚೂ ಇಲ್ಲ, ಕ್ಲ್ಯಾಂಪೂ ಇಲ್ಲ. ಖಾಲಿ ಜಾಗಕ್ಕೆ ದಬ್ಬೆ ಬಂತು, ಮೇಲೆ ಟ್ಯೂಬ್ ಬಂತು. ಒಬ್ಬೊಬ್ಬರೂ ಅವತ್ತಿನ ಕೆಲಸ ಅವತ್ತಿಗೆ ಮುಗಿಸಿದ್ದಾರೆ. ಯಾರನ್ನು ಬೈಯುವುದು?

ಟ್ಯೂಬಿನ ತಪ್ಪು ಏನು ಎಂದು ಹೇಳಲೇಬೇಕು. ರಬ್ಬರ್ ಆಸಿಡ್ಡಿಗೆ ಹೆದರುವುದಿಲ್ಲ, ಕರೆಂಟು ಹರಿಸುವುದಿಲ್ಲ. ನೋಡಲು ಬಿಗಿಯಾಗಿಯೂ ಇರುತ್ತದೆ. ಆದರೆ ಅದು ಹಿಗ್ಗುತ್ತದೆ. ಬ್ಯಾಟರಿ ಮೇಲೇಳಲು ಹೊರಟರೆ ಟ್ಯೂಬ್ ತಡೆಯುವುದಿಲ್ಲ, ದಾರಿ ಕೊಟ್ಟು ಆಮೇಲೆ ವಾಪಸ್ ಎಳೆಯುತ್ತದೆ. ಅಂದರೆ ಬ್ಯಾಟರಿ ಹಂಪಿನ ಮೇಲೆ ಕುಣಿಯಲು ಅದೇ ಸ್ಪ್ರಿಂಗ್. ದಬ್ಬೆ ಆಚೀಚೆ ಹೋಗುವುದನ್ನು ತಡೆಯಿತು, ಅದೂ ಸ್ವಲ್ಪ ದಿನ. ಚೆಲ್ಲಿದ ಆಸಿಡ್ಡಿನ ನೀರು ಆರಿದಂತೆ ಉಳಿದ ಆಸಿಡ್ ತೀಕ್ಷ್ಣವಾಗುತ್ತಾ ಮರವನ್ನು ಸುಡುತ್ತದೆ. ನಾನು ತೆಗೆದ ಚೂರು ಒಂದು ಕಡೆ ಇದ್ದಿಲಿನ ಹಾಗೆ ಕಪ್ಪಾಗಿ ಉದುರುತ್ತಿತ್ತು. ಸವೆದು ಸಡಿಲಾಗಿಯೇ ಅದು ಅಡಿಗೆ ಜಾರಿದ್ದು.

ಇಲ್ಲಿ ನನಗೆ ಹೊಳೆದದ್ದು ಇದು. ಕ್ಲ್ಯಾಂಪ್ ಎಂದರೆ ಒಂದೇ ಕೆಲಸ ಎಂದುಕೊಳ್ಳುತ್ತೇವೆ, "ಬ್ಯಾಟರಿ ಬೀಳದ ಹಾಗೆ ಹಿಡಿಯೋದು". ನಿಜವಾಗಿ ಕೆಲಸ ಮೂರು. ಬುಡ ಆಚೀಚೆ ಜಾರಬಾರದು, ಅದು ಟ್ರೇಯ ಅಂಚಿನ ಕೆಲಸ. ಬ್ಯಾಟರಿ ಮೇಲೇಳಬಾರದು, ಅದು ಹುಕ್ ಬೋಲ್ಟ್ ಮತ್ತು ಅಡ್ಡಪಟ್ಟಿಯ ಕೆಲಸ. ಪ್ಲಸ್ ತುದಿ ಯಾವ ಕಬ್ಬಿಣವನ್ನೂ ಮುಟ್ಟಬಾರದು, ಅದು ಕೆಂಪು ಕ್ಯಾಪಿನ ಕೆಲಸ. ಮನೆಮದ್ದುಗಳು ಸಾಮಾನ್ಯವಾಗಿ ಇದರಲ್ಲಿ ಒಂದನ್ನು ಮಾಡುತ್ತವೆ. ಒಂದು ಸರಿಯಾಗಿದ್ದು ಕಂಡರೆ ನಾವು ಬಾನೆಟ್ ಮುಚ್ಚುತ್ತೇವೆ.

ಸಡಿಲ ಬ್ಯಾಟರಿ ಬೇಗ ಸಾಯುತ್ತದೆ ಎಂಬುದೂ ನಿಜ. ಒಳಗೆ ಸೀಸದ ಪ್ಲೇಟುಗಳಿವೆ, ಅವಕ್ಕೆ ಹಚ್ಚಿದ ಪೇಸ್ಟು ಕುಲುಕಿದಷ್ಟೂ ಉದುರುತ್ತದೆ. ಉದುರಿದ್ದು ಅಡಿಯಲ್ಲಿ ಸೇರಿ ಪ್ಲೇಟುಗಳನ್ನು ಮುಟ್ಟಿದರೆ ಆ ಸೆಲ್ ಹೋಯಿತು. ಆದರೆ ಮಾವನಿಗೆ ಇದನ್ನು ವಿವರಿಸಿದಾಗ ಅವರಿಗೆ ತಟ್ಟಿದ್ದು ಬಾನೆಟ್ಟಿನ ಗುಳಿ ಮಾತ್ರ.

ಹುಡುಕಾಟ

ಮೊದಲ ದಾರಿ ಒರಿಜಿನಲ್ ಭಾಗ ಹುಡುಕುವುದು. ಇದನ್ನು ಬಿಟ್ಟು ನೇರ ಜುಗಾಡಿಗೆ ಇಳಿಯುವುದು ನನಗೆ ಸರಿ ಕಾಣುವುದಿಲ್ಲ. ಮಾರುತಿ 800 ತಯಾರಿ ನಿಂತಿದ್ದು 2014ರಲ್ಲಿ, ಆದರೆ 1983ರಿಂದ ಅಷ್ಟು ವರ್ಷ ಬಂದ ಗಾಡಿ, ಅದರ ಬಿಡಿಭಾಗ ಇನ್ನೂ ಓಡಾಡುತ್ತದೆ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ ಇದೆ. ನನಗೆ ಹತ್ತಿರದ್ದು ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್. ಅಲ್ಲಿ ಹುಕ್ ಬೋಲ್ಟ್ ಜೋಡಿ ಸಿಕ್ಕಿತು, ಪಟ್ಟಿಯೂ ಸಿಕ್ಕಿತು. ಖುಷಿಯಾಗಿ ತಂದೆ.

ಕೂರಲಿಲ್ಲ. ಹುಕ್ ಸಿಕ್ಕಿಸಬೇಕಾದ ತೂತು ಟ್ರೇಯಲ್ಲಿ ಒಂದು ಕಡೆ ಮಾತ್ರ ಉಳಿದಿತ್ತು. ಇನ್ನೊಂದು ಕಡೆ, ಬಡಿದು ಮಲಗಿಸಿದ ಅಂಚಿನ ಹತ್ತಿರ, ತುಕ್ಕು ತಿಂದು ತೂತೇ ಬಾಯಿ ಬಿಟ್ಟಿತ್ತು. ಹೊಸ ಬೋಲ್ಟ್ ಯಾವುದನ್ನು ಹಿಡಿಯಬೇಕು? ಕ್ಲ್ಯಾಂಪ್ ಇಲ್ಲ ಎಂದು ಹುಡುಕಿದ್ದು ನಾನು, ನಿಜವಾಗಿ ಇಲ್ಲದ್ದು ಟ್ರೇ.

ಕ್ಲ್ಯಾಂಪಿನ ಬಲ ಟ್ರೇಯ ಬಲದಷ್ಟೇ. ಲೆಕ್ಕ ನೋಡಿ. ಈ ಬ್ಯಾಟರಿ ಸುಮಾರು 10 ಕಿಲೋ ತೂಗುತ್ತದೆ. 50 ಕಿ.ಮೀ. ವೇಗದ ಗಾಡಿ ಏನಕ್ಕೋ ಗುದ್ದಿ ಅರ್ಧ ಮೀಟರಿನಲ್ಲಿ ನಿಂತಿತು ಎನ್ನೋಣ. ಆಗ ಬ್ಯಾಟರಿ ಮುಂದಕ್ಕೆ ಎಳೆಯುವ ಬಲ ಅದರ ತೂಕದ ಸುಮಾರು 20 ಪಟ್ಟು, ಅಂದರೆ 200 ಕಿಲೋ ಭಾರದಷ್ಟು. ಸಾಧಾರಣ 4.6 ದರ್ಜೆಯ 6 ಮಿ.ಮೀ. ಬೋಲ್ಟ್ ಎಳೆದು ತುಂಡಾಗಬೇಕಾದರೆ ಸುಮಾರು 800 ಕಿಲೋ ಬೇಕು. ಹಾಗಾಗಿ ಬೋಲ್ಟ್ ಸಣ್ಣದಾಯಿತೇನೋ ಎಂದು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಿತ್ತು ಬರುವುದು ತುಕ್ಕು ಹಿಡಿದ ತಗಡು, ಇಲ್ಲವೇ ನೇರವಾಗುವುದು ಹುಕ್ಕು.

ಇಲ್ಲಿ ರೇಸಿನವರಿಂದ ಒಂದು ಪಾಠ ಕದ್ದೆ. ಚಿಕ್ಕಮಗಳೂರು ಕಡೆ ರ‍್ಯಾಲಿ ನಡೆದಾಗ ನೋಡಲು ಹೋದವರು ಗಮನಿಸಿರಬಹುದು, ಹೊರಡುವ ಮುಂಚೆ ತಪಾಸಣೆ ಮಾಡುವವರು ಬಾನೆಟ್ ತೆರೆಸಿ ನೋಡುತ್ತಾರೆ. ಬ್ಯಾಟರಿಯನ್ನು ಮೂಲ ಜಾಗದಿಂದ ಬೇರೆಡೆಗೆ ಸರಿಸಿದರೆ ಹೇಗೆ ಬಿಗಿಯಬೇಕು ಎಂದು ಜಾಗತಿಕ ಮೋಟಾರ್ ರೇಸಿಂಗ್ ಸಂಸ್ಥೆಯಾದ ಎಫ್‌ಐಎ ನಿಯಮದಲ್ಲಿ ಬರೆದಿದ್ದಾರೆ. ಬ್ಯಾಟರಿ ಕೂರಲು ಲೋಹದ ಪೀಠ, ಇನ್ಸುಲೇಶನ್ ಹೊದಿಸಿದ ಎರಡು ಲೋಹದ ಪಟ್ಟಿ, ಕನಿಷ್ಠ 10 ಮಿ.ಮೀ. ಬೋಲ್ಟ್, ಪ್ರತಿ ಬೋಲ್ಟಿನ ಕೆಳಗೆ ಬಾಡಿಯ ಆಚೆ ಮೈಯಲ್ಲಿ ಕನಿಷ್ಠ 3 ಮಿ.ಮೀ. ದಪ್ಪದ, 20 ಚದರ ಸೆಂ.ಮೀ. ವಿಸ್ತೀರ್ಣದ ಪ್ಲೇಟು. ಮಾವನ ಗಾಡಿ ರೇಸಿಗೆ ಹೋಗುವುದಿಲ್ಲ, 10 ಮಿ.ಮೀ. ಬೋಲ್ಟ್ ನಮಗೆ ಬೇಡ. ಆದರೆ ಆ ಪ್ಲೇಟಿನ ಮಾತು ಬಂಗಾರ. ತೆಳು ತಗಡಿನ ಮೇಲಿನ ಎಳೆತವನ್ನು ಒಂದು ತೂತಿನ ಅಂಚಿಗೆ ಬಿಡಬೇಡ, ಅಗಲಕ್ಕೆ ಹಂಚು ಎನ್ನುತ್ತದೆ ಅದು. 4 ಸೆಂ.ಮೀ. ಅಗಲ, 5 ಸೆಂ.ಮೀ. ಉದ್ದದ ಪಟ್ಟಿ ಸಾಕು.

ಕೆಲಸ, ಎರಡು ಸಲ

ಟ್ರೇಯಿಂದ ಶುರು. ಬಕೆಟ್ ನೀರಿಗೆ ಅಡುಗೆ ಸೋಡಾ ಹಾಕಿ ಸುರಿದೆ. ಬುಸ್ಸೆಂದು ನೊರೆ ಬಂತು, ಅಂದರೆ ಆಸಿಡ್ ಇನ್ನೂ ಉಳಿದಿತ್ತು. ನೊರೆ ನಿಲ್ಲುವ ತನಕ ಮೂರು ಸಲ ಸುರಿದು, ಆಮೇಲೆ ಬರೀ ನೀರಲ್ಲಿ ತೊಳೆದೆ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು, ಅದಕ್ಕೇ ಬ್ಯಾಟರಿ ದೂರ ಇಟ್ಟಿದ್ದೆ. ಒಣಗಿದ ಮೇಲೆ ವೈರ್ ಬ್ರಷ್ ಹಾಕಿ, ತುಕ್ಕು ಉದುರಿಸಿ, ಒಳ್ಳೇ ತಗಡು ಎಲ್ಲಿಂದ ಶುರು ಎಂದು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿದೆ. ಚುಚ್ಚಿದರೆ ಒಳಗೆ ಹೋಗುವ ಕಡೆ ಬೋಲ್ಟ್ ಹಾಕುವಂತಿಲ್ಲ.

ಕೆಟ್ಟ ತೂತಿನ ಜಾಗದಿಂದ 3 ಸೆಂ.ಮೀ. ಒಳಗೆ ಗಟ್ಟಿ ತಗಡು ಸಿಕ್ಕಿತು. ಅಲ್ಲಿಗೆ 3 ಮಿ.ಮೀ. ಪ್ಲೇಟು ಅಡಿಯಿಂದ, ಮೇಲಿಂದ 25 ಮಿ.ಮೀ.ನ ಒಂದು ತುಂಡು ಎಲ್ ಆಂಗಲ್ (ಎಲ್ ಆಕಾರದ ಕಬ್ಬಿಣದ ಪಟ್ಟಿ), ನಡುವೆ ಟ್ರೇ. ಎರಡು 8 ಮಿ.ಮೀ. ಬೋಲ್ಟ್ ಹಾಕಿ ಸ್ಯಾಂಡ್‌ವಿಚ್ ಮಾಡಿದೆ. ಬೋಲ್ಟಿನ ತಲೆ ಬ್ಯಾಟರಿಯ ಅಡಿಗೆ ಬರದಂತೆ ಆಂಗಲ್ಲಿನ ಆಚೆ ಬದಿಗೆ ಇಟ್ಟೆ. ಆಂಗಲ್ಲಿನ ನಿಂತ ಮೈ ಈಗ ಹೊಸ ಅಂಚು, ಬುಡ ಜಾರುವುದನ್ನು ಅದು ತಡೆಯುತ್ತದೆ. ಅಡಿಯ ಪ್ಲೇಟನ್ನು ಸ್ವಲ್ಪ ಹೊರಕ್ಕೆ ಬಿಟ್ಟು ಅದರಲ್ಲೇ ಹುಕ್ಕಿಗೆ ತೂತು ಕೊರೆದೆ. ಹೀಗೆ ಒಂದೇ ಏರ್ಪಾಡು ಎರಡು ಕೆಲಸಕ್ಕೆ ಬಂತು. ಇದು ನನಗೆ ಹೆಮ್ಮೆಯ ಭಾಗ, ಹೇಳಿಕೊಳ್ಳುತ್ತೇನೆ.

ವೆಲ್ಡಿಂಗ್ ಯಾಕೆ ಮಾಡಲಿಲ್ಲ ಎಂದು ಕೇಳಬಹುದು. ನನ್ನ ಹೊಟ್ಟೆಪಾಡೇ ಅದು. ಆದರೆ ತುಕ್ಕು ತಿಂದ ತೆಳು ತಗಡಿಗೆ ವೆಲ್ಡಿಂಗ್ ಹಿಡಿದರೆ ತೂತು ದೊಡ್ಡದಾಗುತ್ತದೆ. ಬಾನೆಟ್ಟಿನ ಕೆಳಗೆ ವೈರು, ಪೆಟ್ರೋಲ್ ಪೈಪು ಇರುವ ಕಡೆ ನನಗೆ ಧೈರ್ಯವೂ ಬರಲಿಲ್ಲ.

ಹುಕ್ಕಿನಲ್ಲಿ ಎಡವಿದೆ. ತಂದ ಜೋಡಿ ಹೊಸ ತೂತಿಗೆ ಗಿಡ್ಡವಾಯಿತು. ಸರಿ, ನಾನೇ ಮಾಡುತ್ತೇನೆ ಎಂದು 6 ಮಿ.ಮೀ. ಥ್ರೆಡ್ ರಾಡ್ ತಂದು, ವೈಸಿನಲ್ಲಿ ಹಿಡಿದು, ತಣ್ಣಗೇ ಬಗ್ಗಿಸಿದೆ. ಪಟ್ಟಿ ಇಟ್ಟು ಬಿಗಿಯುತ್ತಾ ಹೋದರೆ ನಟ್ಟು ತಿರುಗುತ್ತಲೇ ಇತ್ತು, ಬಿಗಿಯಾಗುತ್ತಿಲ್ಲ. ಅಡಿಯಲ್ಲಿ ಹುಕ್ಕು ನೇರವಾಗುತ್ತಿತ್ತು! ಬಗ್ಗಿದ ಕಡೆ ಮರೆಯ (ಥ್ರೆಡ್ಡಿನ) ಬುಡದಲ್ಲಿ ಕೂದಲೆಳೆ ಬಿರುಕು ಬೇರೆ. ಮೈತುಂಬ ಮರೆ ಇರುವ ರಾಡನ್ನು ಬಗ್ಗಿಸಿದರೆ ಪ್ರತಿ ಮರೆಯೂ ಒಂದು ಕಚ್ಚು, ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಕಬ್ಬಿಣದ ಕೆಲಸದವನಾಗಿ ಇದು ನನಗೆ ಮೊದಲೇ ಗೊತ್ತಿರಬೇಕಿತ್ತು.

ಲೇತ್ ಅಂಗಡಿಯ ಭಾಯ್ ನೋಡಿ ನಕ್ಕರು. "ಸಾರ್, ಪ್ಲೇನ್ ರಾಡ್ ತಗೊಳ್ಳಿ. ಮೇಲೆ ಬೇಕಾದಷ್ಟಕ್ಕೆ ಡೈ ಹಾಕಿ ಥ್ರೆಡ್ ಮಾಡಿ ಕೊಡ್ತೀನಿ" ಎಂದರು. 6 ಮಿ.ಮೀ. ಪ್ಲೇನ್ ರಾಡ್ 28 ಸೆಂ.ಮೀ. ಉದ್ದಕ್ಕೆ ಎರಡು ಕತ್ತರಿಸಿದೆವು. ಲೆಕ್ಕ ಹೀಗೆ: ಬ್ಯಾಟರಿಯ ಎತ್ತರ 203, ಅಡಿಯ ರಬ್ಬರ್ 3, ಪಟ್ಟಿ 3, ವಾಷರ್-ನಟ್ಟಿಗೆ 15, ಟ್ರೇಯಿಂದ ಕೆಳಗೆ 20, ಉಳಿದದ್ದು ಹುಕ್ಕಿನ ಬಗ್ಗಿಗೆ. ಮೇಲಿನ 4 ಸೆಂ.ಮೀ.ಗೆ ಮಾತ್ರ ಮರೆ. ಕೆಳಗಿನ ತುದಿ ಕೆಂಪಗೆ ಕಾಯಿಸಿ ಪೂರ್ತಿ ಯು ಆಕಾರಕ್ಕೆ ಬಗ್ಗಿಸಿಕೊಟ್ಟರು. ಅರ್ಧ ಬಗ್ಗಿದ ಹುಕ್ಕು ಗುಂಡಿ ರಸ್ತೆಯಲ್ಲಿ ಕಳಚಿಕೊಳ್ಳುತ್ತದೆ, ಪೂರ್ತಿ ಬಗ್ಗಿದ್ದು ಕಳಚುವುದಿಲ್ಲ. ರಾಡಿನ ಮೈಗೆ 6 ಮಿ.ಮೀ. ಒಳ ವ್ಯಾಸದ ಪೆಟ್ರೋಲ್ ಪೈಪ್ ತೊಡಿಸಿದೆ.

ಅಡ್ಡಪಟ್ಟಿಗೆ 20 ಮಿ.ಮೀ. ಆಂಗಲ್, 17 ಸೆಂ.ಮೀ. ಉದ್ದ. ತೂತಿನಿಂದ ತೂತಿಗೆ 14 ಸೆಂ.ಮೀ. ಬ್ಯಾಟರಿಯ ನಡುವೆ ಅಡ್ಡಕ್ಕೆ, ಮೂರನೇ ಮತ್ತು ನಾಲ್ಕನೇ ಮುಚ್ಚಳದ ಮಧ್ಯೆ ಹಾದುಹೋಗುತ್ತದೆ. ಮುಚ್ಚಳದ ಮೇಲೆ ಪಟ್ಟಿ ಕೂರಬಾರದು, ಡಿಸ್ಟಿಲ್ಡ್ ವಾಟರ್ ಹಾಕುವುದು ಹೇಗೆ? ಗಾಳಿ ತೂತೂ ಮುಚ್ಚುತ್ತದೆ. 25ರ ಆಂಗಲ್ ಮೊದಲು ಇಟ್ಟು ನೋಡಿದ್ದೆ. ಟರ್ಮಿನಲ್ ಪೆಟ್ಟಿಗೆಗಿಂತ 24 ಮಿ.ಮೀ. ಎತ್ತರ ಇರುತ್ತದೆ, 25ರ ಆಂಗಲ್ ಅದನ್ನೂ ದಾಟಿತು. 20 ಇಟ್ಟರೆ ಪಟ್ಟಿ ಟರ್ಮಿನಲ್ಲಿಗಿಂತ ಕೆಳಗೇ ಉಳಿಯುತ್ತದೆ. ಅದಕ್ಕೆ ಇನ್ಸುಲೇಶನ್ ಬೇಕಲ್ಲ? ಅದೇ ಹಳೇ ಸೈಕಲ್ ಟ್ಯೂಬ್! ಆಂಗಲ್ಲಿನ ಮೇಲೆ ಕಾಲುಚೀಲದ ಹಾಗೆ ಏರಿಸಿದೆ. ಕೊನೆಗೂ ಆ ಟ್ಯೂಬಿಗೆ ಅದಕ್ಕೆ ತಕ್ಕ ಕೆಲಸ ಸಿಕ್ಕಿತು.

ಬಿಗಿಯುವುದರಲ್ಲಿ ಇನ್ನೊಂದು ತಪ್ಪು ಮಾಡಿದೆ. ಘಾಟಿಯ ಹೆದರಿಕೆ ಮನಸ್ಸಿನಲ್ಲಿತ್ತು, ಸ್ಪ್ಯಾನರಿನಲ್ಲಿ ಸಿಕ್ಕಾಪಟ್ಟೆ ಬಿಗಿದೆ. ಬ್ಯಾಟರಿಯ ಮೇಲ್ಮೈ ನಡುವೆ ತಗ್ಗಾಯಿತು, ಪಕ್ಕಗಳು ಉಬ್ಬಿದವು. ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೂ ಮಿತಿ ಇದೆ. ಹೆಚ್ಚು ಬಿಗಿದರೆ ಮುಚ್ಚಳದ ಜೋಡಣೆ ಬಿಟ್ಟು ಆಸಿಡ್ ಜಿನುಗುತ್ತದೆ. ತಕ್ಷಣ ಸಡಿಲಿಸಿದೆ. ಆಮೇಲೆ ಬೆರಳಲ್ಲಿ ಆಗುವಷ್ಟು ಬಿಗಿದು, ಸ್ಪ್ಯಾನರಿನಲ್ಲಿ ಅರ್ಧ ಸುತ್ತು. ಅಷ್ಟೇ. ಬಿಗಿ ಉಳಿಯುವುದಕ್ಕೆ ಜೋರಲ್ಲ, ನೈಲಾಕ್ ನಟ್ಟು ಬೇಕು, ಅಂದರೆ ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್ಟು. ನೈಲಾನ್ ಆಸಿಡ್ಡಿಗೆ ಆಗದು ಎಂದು ಮೇಲೆ ನಾನೇ ಹೇಳಿದ್ದೇನೆ, ನಿಜ. ನಟ್ಟಿನ ಮೇಲೆ ಗ್ರೀಸ್ ಹಚ್ಚಿದ್ದೇನೆ, ವರ್ಷಕ್ಕೊಮ್ಮೆ ಬದಲಿಸುತ್ತೇನೆ.

ಟ್ರೇಗೆ ರೆಡ್ ಆಕ್ಸೈಡ್, ಮೇಲೆ ಕಪ್ಪು ಪೇಂಟು. ಅಡಿಗೆ ಮತ್ತು ಪಕ್ಕದ ಸಂದಿಗೆ ಲಾರಿಯ ಹಳೇ ಮಡ್ ಫ್ಲ್ಯಾಪಿನಿಂದ ಕತ್ತರಿಸಿದ ರಬ್ಬರ್. ಟರ್ಮಿನಲ್ಲಿಗೆ ವ್ಯಾಸಲಿನ್. ಪ್ಲಸ್ಸಿಗೆ ಹೊಸ ಕೆಂಪು ಕ್ಯಾಪ್, ಇಡೀ ಕೆಲಸದಲ್ಲಿ ಅತಿ ಅಗ್ಗದ ಸಾಮಾನು.

ಪರೀಕ್ಷೆ

ಬಾನೆಟ್ ಮುಚ್ಚಿದಾಗ ಒಳಗೆ ಎಷ್ಟು ಜಾಗ ಉಳಿಯುತ್ತದೆ ಎಂದು ಕಣ್ಣಲ್ಲಿ ಗೊತ್ತಾಗದು. ಅತ್ತೆಯ ಹತ್ತಿರ ಚಪಾತಿ ಹಿಟ್ಟಿನ ಉಂಡೆ ಕೇಳಿದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪ್ಲಸ್ ಕ್ಯಾಪಿನ ಮೇಲಿಟ್ಟು, ಬಾನೆಟ್ ಮುಚ್ಚಿ, ತೆರೆದೆ. ಚಪ್ಪಟೆಯಾದ ಉಂಡೆಯ ದಪ್ಪ ಅಳೆದರೆ ಅದೇ ಅಂತರ. 26 ಮಿ.ಮೀ. ಬಂತು. ದಬ್ಬೆಯ ಚೂರನ್ನು ಮತ್ತೆ ಅಡಿಗಿಟ್ಟು ಹಾಗೇ ಅಳೆದಾಗ ಬಂದಿದ್ದು 9. ರಾಡಿನ ತುದಿಗಳ ಮೇಲೂ ಉಂಡೆ ಇಟ್ಟು ನೋಡಿದೆ, ಒಂದು ಉದ್ದ ಎನಿಸಿತು, ಹ್ಯಾಕ್ಸಾದಲ್ಲಿ ಕತ್ತರಿಸಿದೆ. "ಊಟಕ್ಕೆ ಕಲಸಿದ ಹಿಟ್ಟು ಕಾರಿಗೆ ಹಾಕ್ತೀಯಲ್ಲ" ಎಂದು ಅತ್ತೆ ಬೈದರು.

ಆಮೇಲೆ ಕೈ ಪರೀಕ್ಷೆ. ಬ್ಯಾಟರಿಯ ಪೆಟ್ಟಿಗೆ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಅಲ್ಲಾಡಿಸಿದರೆ ಬ್ಯಾಟರಿ ಅಲ್ಲಾಡಬಾರದು, ಗಾಡಿಯೇ ಸ್ಪ್ರಿಂಗಿನ ಮೇಲೆ ತೂಗಬೇಕು. ಮಾವನ 800 ತೂಗಿತು. ಬ್ರಿಟನ್ನಿನಲ್ಲಿರುವ ನನ್ನ ಗೆಳೆಯನಿಗೆ ಫೋಟೋ ಕಳಿಸಿದ್ದೆ. ಅಲ್ಲಿ ವಾಹನಗಳಿಗೆ ವರ್ಷಕ್ಕೊಮ್ಮೆ ಆಗುವ ಎಂಒಟಿ ತಪಾಸಣೆಯಲ್ಲಿ ಬ್ಯಾಟರಿ ಸಡಿಲ ಇದ್ದು ಬೀಳುವ ಅಥವಾ ಶಾರ್ಟ್ ಆಗುವ ಹಾಗಿದ್ದರೆ ಗಾಡಿ ಫೇಲ್. ದಬ್ಬೆಯ ಫೋಟೋ ನೋಡಿ ಅವನು ಬಹಳ ನಕ್ಕ.

ಎರಡು ವಾರ ಓಡಿಸಿದ ಮೇಲೆ ಮತ್ತೆ ಸ್ಪ್ಯಾನರ್ ಇಟ್ಟೆ. ಒಂದು ನಟ್ಟು ಕಾಲು ಸುತ್ತು ತೆಗೆದುಕೊಂಡಿತು. ಅಡಿಯ ಹೊಸ ರಬ್ಬರ್ ಅದುಮಿಕೊಳ್ಳುವುದರಿಂದ ಇದು ಆಗುತ್ತದೆ. ಹೊಸದಾಗಿ ಬಿಗಿದವರು ಈ ಎರಡನೇ ಸಲವನ್ನು ಮರೆಯಬಾರದು. ಮಳೆಗಾಲದ ಹಿಂದೆ ಮುಂದೆ ನೋಡಿದಾಗ ಬಿಗಿ ಹಾಗೇ ಇತ್ತು, ಗಡಿಯಾರವೂ ಹಾಗೇ ಇತ್ತು.

ಉಳಿದ ಕೆಲಸ ಒಂದಿದೆ. ಟ್ರೇಯ ಹಿಂಬದಿಯ ಮೂಲೆಯಲ್ಲಿ ಸ್ಕ್ರೂಡ್ರೈವರ್ ತುದಿ ಸ್ವಲ್ಪ ಒಳಗೆ ಹೋಗುತ್ತದೆ. ಈಗ ಅಲ್ಲಿ ಯಾವ ಬೋಲ್ಟೂ ಇಲ್ಲ, ಅಪಾಯ ಇಲ್ಲ. ಆದರೆ ತುಕ್ಕು ನಿಲ್ಲುವುದಿಲ್ಲ. ಮುಂದಿನ ಮಳೆಗಾಲಕ್ಕೆ ಮುಂಚೆ ಗುಜರಿ ಗಾಡಿಯಿಂದ ಒಳ್ಳೇ ಟ್ರೇ ಸಿಕ್ಕರೆ ನನ್ನ ಪ್ಲೇಟು-ಆಂಗಲ್ ಎಲ್ಲ ಬಿಚ್ಚಿ ಅದನ್ನೇ ಕೂರಿಸುವುದು ಎಂದು ಮಾವನಿಗೆ ಹೇಳಿದ್ದೇನೆ. ಶಿವಮೊಗ್ಗದ ಎರಡು ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಆ ಗಿಡ್ಡ ಹುಕ್ ಬೋಲ್ಟ್ ಜೋಡಿಯನ್ನು ಎಸೆದಿಲ್ಲ, ಡಿಕ್ಕಿಯಲ್ಲಿ ಕವರ್ ಕಟ್ಟಿ ಇಟ್ಟಿದ್ದೇನೆ. ಟ್ರೇ ಬಂದ ದಿನ ಅದು ಸರಿಯಾಗಿ ಕೂರುತ್ತದೆ.